ಕಿತ್ತಳೆ ಎಲೆ ಹಳದಿಯಾದರೆ: ಹಸಿವೋ, ರೋಗವೋ?

ಮಳೆಗಾಲ ಮುಗಿದು ಬಿಸಿಲು ಬೀಳತೊಡಗಿದೊಡನೆ ಕೊಡಗಿನ ಕಾಫಿ ತೋಟಗಳ ನಡುವೆ ನಿಂತ ಕಿತ್ತಳೆ ಗಿಡಗಳಲ್ಲಿ ಹಳದಿ ಎಲೆಗಳು ಎದ್ದು ಕಾಣುತ್ತವೆ. ರಾಜ್ಯದ ಇನ್ನೊಂದು ತುದಿಯಲ್ಲಿ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಭಾಗದ ನಿಂಬೆ ತೋಟಗಳಲ್ಲೂ ಎಳೆ ಚಿಗುರು ಬಿಳಿಚಿಕೊಳ್ಳುವುದುಂಟು. ಬೆಳೆಗಾರರು ನಾಲ್ಕು ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಪೇಟೆಯ ಗೊಬ್ಬರದಂಗಡಿಗೆ ಹೋಗುತ್ತಾರೆ. ಅಂಗಡಿಯವರು ಎಲೆಯನ್ನೊಮ್ಮೆ ನೋಡಿ ಲಘು ಪೋಷಕಾಂಶಗಳ ಪೊಟ್ಟಣವೊಂದನ್ನು ಕೊಡುತ್ತಾರೆ. ಸಿಂಪಡಣೆಯಾದ ಮೇಲೆ ಕೆಲವು ಗಿಡಗಳು ಹಸಿರಾಗುತ್ತವೆ, ಕೆಲವು ಆಗುವುದಿಲ್ಲ. ಹಸಿರಾಗದ ಗಿಡಗಳಿಗೆ ಮತ್ತೊಮ್ಮೆ ಸಿಂಪಡಣೆ, ಮತ್ತೊಂದು ಪೊಟ್ಟಣ. ನಾಲ್ಕಾರು ವರ್ಷಗಳಲ್ಲಿ ಆ ಗಿಡಗಳು ತುದಿಯಿಂದ ಒಣಗುತ್ತಾ ಬರುತ್ತವೆ. ಅಷ್ಟರಲ್ಲಿ ಪಕ್ಕದ ಗಿಡಗಳಲ್ಲೂ ಅದೇ ಹಳದಿ ತಲೆದೋರಿರುತ್ತದೆ.

ಹಳದಿ ಬಣ್ಣವೊಂದೇ ಆದರೂ ಅದರ ಹಿಂದಿನ ಕಾರಣ ಒಂದೇ ಅಲ್ಲ. ಮಣ್ಣಿನಲ್ಲಿ ಪೋಷಕಾಂಶವೇ ಇಲ್ಲದಿರಬಹುದು. ಇದ್ದರೂ ಬೇರಿಗೆ ಸಿಗದಂತೆ ಮಣ್ಣು ಅದನ್ನು ಹಿಡಿದಿಟ್ಟಿರಬಹುದು. ಇಲ್ಲವೇ ಯಾವ ಗೊಬ್ಬರವೂ ನೀಗಿಸಲಾಗದ ರೋಗವೊಂದು ಗಿಡದ ಒಳಗಡೆ ಸೇರಿಕೊಂಡಿರಬಹುದು. ಮೊದಲೆರಡನ್ನು ತಪ್ಪಾಗಿ ಗುರುತಿಸಿದರೆ ಒಂದು ಹಂಗಾಮಿನ ಹಣ ಹೋಗುತ್ತದೆ. ಮೂರನೆಯದನ್ನು ತಪ್ಪಾಗಿ ಗುರುತಿಸಿದರೆ ತೋಟವೇ ಹೋಗುತ್ತದೆ. ಕೊಡಗಿನ ಕಿತ್ತಳೆ ಒಂದು ಕಾಲದಲ್ಲಿ ಆವರಿಸಿದ್ದ ವಿಸ್ತೀರ್ಣದಲ್ಲಿ ಇಂದು ಸಣ್ಣ ಪಾಲಷ್ಟೇ ಉಳಿದಿದೆ. ಗ್ರೀನಿಂಗ್, ಟ್ರಿಸ್ಟೆಜಾ ನಂಜು, ಬೇರು ಕೊಳೆ, ಕಾಂಡ ಕೊರಕ, ಪೋಷಣೆಯ ಕೊರತೆ ಎಲ್ಲವೂ ಸೇರಿ ಆದ ಹಾನಿ ಅದು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಹಣ್ಣನ್ನು ಉಳಿಸಿಕೊಳ್ಳಬೇಕೆನ್ನುವವರು ಮೊದಲು ಕಲಿಯಬೇಕಾದದ್ದು ಎಲೆಯನ್ನು ಓದುವುದನ್ನು.

ಹಳೆಯ ಎಲೆಯೋ, ಹೊಸ ಚಿಗುರೋ?

ಎಲೆಯನ್ನು ಓದುವಾಗ ಮೊದಲು ಗಮನಿಸಬೇಕಾದದ್ದು ಬಣ್ಣವನ್ನಲ್ಲ, ಸ್ಥಾನವನ್ನು. ಹಳದಿ ಮೊದಲು ಕಾಣಿಸಿಕೊಂಡದ್ದು ರೆಂಬೆಯ ಬುಡದ ಹಳೆಯ ಎಲೆಗಳಲ್ಲೋ, ತುದಿಯ ಹೊಸ ಎಲೆಗಳಲ್ಲೋ ಎಂಬುದೇ ಅರ್ಧ ಉತ್ತರ ಕೊಡುತ್ತದೆ.

ಸಾರಜನಕ, ರಂಜಕ, ಪೊಟ್ಯಾಸಿಯಂ ಮತ್ತು ಮೆಗ್ನೀಷಿಯಂ ಗಿಡದೊಳಗೆ ಸುಲಭವಾಗಿ ಸಂಚರಿಸುತ್ತವೆ. ಕೊರತೆ ಬಂದಾಗ ಗಿಡವು ಹಳೆಯ ಎಲೆಯಲ್ಲಿರುವುದನ್ನು ಹಿಂದಕ್ಕೆ ಸೆಳೆದು ಚಿಗುರಿಗೂ ಕಾಯಿಗೂ ಒದಗಿಸುತ್ತದೆ. ಮನೆಯ ಹಿರಿಯರು ತಾವು ಉಪವಾಸವಿದ್ದು ಮಕ್ಕಳಿಗೆ ಉಣಬಡಿಸಿದಂತೆ. ಆದ್ದರಿಂದ ಇವುಗಳ ಕೊರತೆಯ ಲಕ್ಷಣ ಹಳೆಯ ಎಲೆಗಳಲ್ಲಿ ಮೊದಲು ಕಾಣುತ್ತದೆ. ಸತು, ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಬೋರಾನ್, ಸುಣ್ಣದ ಅಂಶವಾದ ಕ್ಯಾಲ್ಸಿಯಂ ಇವು ಒಮ್ಮೆ ಸೇರಿದ ಎಲೆಯಿಂದ ಅಷ್ಟಾಗಿ ಕದಲುವುದಿಲ್ಲ. ಇವುಗಳ ಕೊರತೆ ಇದ್ದರೆ ಹಳೆಯ ಎಲೆ ಹಸಿರಾಗಿಯೇ ಉಳಿದು ಹೊಸ ಚಿಗುರು ಸೊರಗುತ್ತದೆ.

ಸಾರಜನಕದ ಕೊರತೆಯಲ್ಲಿ ಹಳೆಯ ಎಲೆಯ ಮೈಯೆಲ್ಲ, ನರಗಳೂ ಸೇರಿದಂತೆ, ಒಂದೇ ಸಮನೆ ತಿಳಿ ಹಳದಿಯಾಗುತ್ತದೆ. ಕೊರತೆ ಮುಂದುವರಿದರೆ ಇಡೀ ಗಿಡ ಪೇಲವವಾಗಿ, ಹೂವು ಕಡಿಮೆಯಾಗುತ್ತದೆ. ಇದನ್ನು ಗುರುತಿಸುವುದೂ ಸುಲಭ, ಸರಿಪಡಿಸುವುದೂ ಸುಲಭ. ಒಂದು ಟನ್ ಹಣ್ಣು ತೋಟದಿಂದ ಹೊರಹೋದರೆ ಅದರೊಂದಿಗೆ ಸುಮಾರು ಒಂದೂವರೆ ಕಿಲೋ ಸಾರಜನಕವೂ ಅದಕ್ಕಿಂತ ತುಸು ಹೆಚ್ಚು ಪೊಟ್ಯಾಸಿಯಂ ಕೂಡ ಹೋಗುತ್ತದೆ. ಹೋದದ್ದನ್ನು ತುಂಬಿಕೊಡದಿದ್ದರೆ ಗಿಡ ತನ್ನ ಮೈಯನ್ನೇ ಕರಗಿಸಿಕೊಳ್ಳುತ್ತದೆ.

ಮೆಗ್ನೀಷಿಯಂ ಕೊರತೆಗೆ ಬೇರೆಯದೇ ಗುರುತಿದೆ. ಹಳೆಯ ಎಲೆಯ ಅಂಚು ಹಾಗೂ ತುದಿ ಹಳದಿಯಾಗುತ್ತಾ ಬಂದು, ಬುಡ ತೊಟ್ಟಿನ ಕಡೆಗೂ ಮೊನೆ ಎಲೆಯ ತುದಿಯ ಕಡೆಗೂ ಇರುವ ಹಸಿರು ತ್ರಿಕೋನವೊಂದು ಉಳಿಯುತ್ತದೆ. ಕಾಯಿ ಹೊತ್ತ ರೆಂಬೆಗಳಲ್ಲೇ ಇದು ತೀವ್ರ. ಬೀಜ ಹೆಚ್ಚಿರುವ ತಳಿಗಳಲ್ಲಿ ಇನ್ನೂ ತೀವ್ರ, ಏಕೆಂದರೆ ಬೀಜಗಳು ಮೆಗ್ನೀಷಿಯಂ ಅನ್ನು ಬಹಳವಾಗಿ ಸೆಳೆದುಕೊಳ್ಳುತ್ತವೆ. ಕೊಡಗಿನ ಕಿತ್ತಳೆಯಲ್ಲಿ ಬೀಜಕ್ಕೆ ಕೊರತೆಯಿಲ್ಲ. ಹೀಗಾಗಿ ಒಂದು ವರ್ಷ ಮೈತುಂಬ ಕಾಯಿ ಕಚ್ಚಿದ ಗಿಡ ಕೊಯ್ಲಿನ ಹೊತ್ತಿಗೆ ಎಲೆಯುದುರಿಸಿಕೊಂಡು ಮರುವರ್ಷ ಬರಿದಾಗಿ ನಿಂತರೆ ಮೆಗ್ನೀಷಿಯಂ ಕಡೆಗೂ ಒಮ್ಮೆ ಅನುಮಾನದಿಂದ ನೋಡಬೇಕು.

ಈಗ ಹೊಸ ಚಿಗುರಿನ ವಿಚಾರ. ಸತು, ಮ್ಯಾಂಗನೀಸ್, ಕಬ್ಬಿಣ ಈ ಮೂರರ ಕೊರತೆಯಲ್ಲೂ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗುತ್ತದೆ. ಗೊಂದಲ ಆರಂಭವಾಗುವುದೇ ಇಲ್ಲಿ. ಸತುವಿನ ಕೊರತೆಯಲ್ಲಿ ಎಲೆ ಚಿಕ್ಕದಾಗುತ್ತದೆ, ಕಿರಿದಾಗುತ್ತದೆ, ತುದಿ ಚೂಪಾಗಿ ಮೇಲಕ್ಕೆ ನಿಮಿರಿಕೊಳ್ಳುತ್ತದೆ. ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಎಲೆಗಳೆಲ್ಲ ಗೊಂಚಲಿನಂತೆ ಒತ್ತೊತ್ತಾಗಿ ಕೂರುತ್ತವೆ. ಹಳದಿ ಮತ್ತು ಹಸಿರಿನ ನಡುವಿನ ಗೆರೆ ಸ್ಪಷ್ಟವಾಗಿರುತ್ತದೆ. ಮ್ಯಾಂಗನೀಸ್ ಕೊರತೆಯಲ್ಲಿ ಎಲೆಯ ಗಾತ್ರ ಬದಲಾಗುವುದಿಲ್ಲ. ನರಗಳ ಇಕ್ಕೆಲಗಳಲ್ಲಿ ಕಡುಹಸಿರಿನ ಅಗಲ ಪಟ್ಟಿಯಿದ್ದು ನಡುವೆ ಮಾಸಲು ಹಸಿರು ಕಾಣುತ್ತದೆ. ಕಬ್ಬಿಣದ ಕೊರತೆಯಲ್ಲಿ ಹಳದಿ ಎಲೆಯ ಮೇಲೆ ಅತಿಸಣ್ಣ ನರಗಳೂ ಹಸಿರು ಬಲೆ ಹೆಣೆದಂತೆ ತೋರುತ್ತವೆ. ವಿಪರೀತಕ್ಕೆ ಹೋದಾಗ ಆ ಬಲೆಯೂ ಅಳಿಸಿ ಎಲೆ ದಂತದ ಬಣ್ಣಕ್ಕೆ ತಿರುಗುತ್ತದೆ. ಒಂದೇ ಗಿಡದಲ್ಲಿ ಈ ಮೂರೂ ಬೆರೆತಿರುವುದು ಅಪರೂಪವೇನಲ್ಲ. ಆಗ ಕಣ್ಣಳತೆಯ ಮಾತು ಸಾಲದು.

ಉಳಿದವುಗಳಲ್ಲಿ ಕೆಲವು ಎಲೆಗಿಂತ ಹಣ್ಣಿನಲ್ಲೇ ಹೆಚ್ಚು ಮಾತನಾಡುತ್ತವೆ. ರಂಜಕ ಕಡಿಮೆಯಾದರೆ ಸಿಪ್ಪೆ ದಪ್ಪವಾಗಿ ಹಣ್ಣಿನ ನಡುವೆ ಪೊಳ್ಳಾಗುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೆ ಹಣ್ಣು ಸಣ್ಣದಾಗಿ, ಸಿಪ್ಪೆ ತೆಳುವಾಗಿ ಬಿರಿಯುತ್ತದೆ. ಬೋರಾನ್ ಕಡಿಮೆಯಾದರೆ ಕಾಯಿ ಕಲ್ಲಿನಂತೆ ಗಟ್ಟಿಯಾಗಿ ಸಿಪ್ಪೆಯ ಒಳಗಿನ ಬಿಳಿ ಭಾಗದಲ್ಲಿ ಅಂಟು ತುಂಬಿಕೊಳ್ಳುತ್ತದೆ. ತಾಮ್ರದ ಕೊರತೆಯಿಂದ ಎಳೆ ರೆಂಬೆಗಳು ಸಾಯುವುದುಂಟು. ಆದರೆ ಕಾಫಿಗೂ ಮೆಣಸಿಗೂ ವರ್ಷವರ್ಷವೂ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವ ತೋಟಗಳಲ್ಲಿ ಅದರ ಭಯ ಕಡಿಮೆ. ಬೋರಾನ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದರ ಕೊರತೆಗೂ ವಿಷಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಅಂದಾಜಿನ ಮೇಲೆ ಹಾಕಬಾರದ ಗೊಬ್ಬರವಿದ್ದರೆ ಅದು ಇದೇ.

ಒಂದೇ ಹಳದಿ, ಎರಡು ಮಣ್ಣು

ಕೊಡಗಿನ ಕಿತ್ತಳೆಗೆ ಹೇಳಿದ ಔಷಧ ಇಂಡಿಯ ನಿಂಬೆಗೆ ಏಕೆ ಹೊಂದುವುದಿಲ್ಲ ಎಂಬುದನ್ನು ತಿಳಿಯಲು ಮಣ್ಣನ್ನು ನೋಡಬೇಕು. ಈ ಎರಡು ಪ್ರದೇಶಗಳ ಮಣ್ಣಿನ ಗುಣ ಒಂದಕ್ಕೊಂದು ತದ್ವಿರುದ್ಧ.

ಕೊಡಗಿನ ಹಲವೆಡೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮೀರಿದ ಮಳೆ ಸುರಿಯುತ್ತದೆ. ಆ ನೀರು ಇಳಿಯುವಾಗ ಮಣ್ಣಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಅನ್ನು ತೊಳೆದುಕೊಂಡು ಹೋಗುತ್ತದೆ. ಉಳಿಯುವ ಮಣ್ಣು ಹುಳಿ ಮಣ್ಣು. ನಿಂಬೆ ಜಾತಿಯ ಗಿಡಗಳಿಗೆ ಮಣ್ಣಿನ ರಸಸಾರ ಆರರಿಂದ ಏಳರವರೆಗೆ ಇದ್ದರೆ ಹಿತ. ಐದರ ಆಸುಪಾಸಿಗೆ ಇಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗಳನ್ನು ಮೊಂಡಾಗಿಸುತ್ತದೆ, ರಂಜಕವು ಮಣ್ಣಿನ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಇಲ್ಲಿ ಹಳೆಯ ಎಲೆಯಲ್ಲಿ ಹಸಿರು ತ್ರಿಕೋನ ಕಂಡವರು ಮೆಗ್ನೀಷಿಯಂ ಸಲ್ಫೇಟ್ ಸಿಂಪಡಿಸಿ ತಾತ್ಕಾಲಿಕ ಸಮಾಧಾನ ಪಡೆಯಬಹುದು. ಆದರೆ ಮೂಲ ಚಿಕಿತ್ಸೆ ಇರುವುದು ಡೋಲೊಮೈಟ್ ಸುಣ್ಣದಲ್ಲಿ. ಅದು ಹುಳಿಯನ್ನೂ ಇಳಿಸುತ್ತದೆ, ಕ್ಯಾಲ್ಸಿಯಂ ಜೊತೆಗೆ ಮೆಗ್ನೀಷಿಯಂ ಅನ್ನೂ ಕೊಡುತ್ತದೆ. ಎಷ್ಟು ಹಾಕಬೇಕೆಂಬುದನ್ನು ಮಣ್ಣು ಪರೀಕ್ಷೆಯ ವರದಿಯೇ ಹೇಳಬೇಕು. ಸುಣ್ಣವನ್ನೂ ರಾಸಾಯನಿಕ ಗೊಬ್ಬರವನ್ನೂ ಒಟ್ಟಿಗೆ ಎರಚುವುದು ಸಲ್ಲದು. ಅಮೋನಿಯ ರೂಪದ ಸಾರಜನಕ ಸುಣ್ಣದ ಸಂಪರ್ಕದಲ್ಲಿ ಅನಿಲವಾಗಿ ಹಾರಿಹೋಗುತ್ತದೆ. ನಡುವೆ ಕೆಲವು ವಾರಗಳ ಅಂತರವಿರಲಿ.

ಸುಣ್ಣ ಒಳ್ಳೆಯದೆಂದು ಕೈಬಿಚ್ಚಿ ಸುರಿದವರು ಇನ್ನೊಂದು ತೊಂದರೆಯನ್ನು ಆಹ್ವಾನಿಸುತ್ತಾರೆ. ಹುಳಿ ಮಣ್ಣಿನಲ್ಲಿ ಸತು ಕರಗಿದ ರೂಪದಲ್ಲೇ ಇರುತ್ತದೆ. ಮಳೆ ತೊಳೆದು ಉಳಿಸಿದ ಅಲ್ಪಸ್ವಲ್ಪ ಸತುವನ್ನು ಅತಿಯಾದ ಸುಣ್ಣ ಬಂಧಿಸಿಬಿಡುತ್ತದೆ. ಮೆಗ್ನೀಷಿಯಂ ಹಳದಿ ಹೋಗಿ ಸತುವಿನ ಹಳದಿ ಬರುತ್ತದೆ!

ವಿಜಯಪುರದ ಕಪ್ಪು ಮಣ್ಣಿನಲ್ಲಿ ಈ ಸ್ಥಿತಿಯೇ ಹುಟ್ಟಿನಿಂದ ಬಂದದ್ದು. ಮಳೆ ಕಡಿಮೆ, ಮಣ್ಣಿನೊಳಗೆ ಸುಣ್ಣದ ಹರಳು ಹೇರಳ. ಅಂಥ ಮಣ್ಣಿನ ಹೆಂಟೆಯ ಮೇಲೆ ಆಮ್ಲದ ನಾಲ್ಕು ಹನಿ ಬಿದ್ದರೆ ಬುರಬುರನೆ ನೊರೆ ಏಳುತ್ತದೆ. ರಸಸಾರ ಎಂಟರ ಗಡಿ ದಾಟಿರುತ್ತದೆ. ರಸಸಾರ ಒಂದು ಅಂಕ ಏರಿದರೆ ಕರಗಿದ ಸತುವಿನ ಪ್ರಮಾಣ ಸುಮಾರು ನೂರು ಪಟ್ಟು ಕುಸಿಯುತ್ತದೆ. ಕಬ್ಬಿಣದ್ದು ಸಾವಿರ ಪಟ್ಟು. ಮಣ್ಣಿನ ಒಟ್ಟು ತೂಕದಲ್ಲಿ ಕಬ್ಬಿಣ ಯಥೇಚ್ಛವಾಗಿದ್ದರೂ ಗಿಡ ಕಬ್ಬಿಣಕ್ಕಾಗಿ ಬಾಯಿಬಿಡುವುದು ಇದೇ ಕಾರಣಕ್ಕೆ. ಇಂಥಲ್ಲಿ ಫೆರಸ್ ಸಲ್ಫೇಟ್ ಅನ್ನು ಪಾತಿಗೆ ಹಾಕಿದರೆ ಕೆಲವೇ ದಿನಗಳಲ್ಲಿ ತುಕ್ಕಾಗಿ ಕೂರುತ್ತದೆ. ಎಲೆಗೆ ಸಿಂಪಡಿಸಿದರೂ ಹನಿ ತಾಗಿದ ಜಾಗವಷ್ಟೇ ಹಸಿರು ಚುಕ್ಕಿಯಾಗುತ್ತದೆ, ಮುಂದಿನ ಚಿಗುರಿಗೆ ಅದು ತಲುಪುವುದಿಲ್ಲ. ಸುಣ್ಣದ ಮಣ್ಣಿನಲ್ಲಿ ತಾಳಿಕೊಳ್ಳುವುದು ಇಡಿಡಿಎಚ್‌ಎ ಎಂಬ ಚೀಲೇಟ್ ರೂಪದ ಕಬ್ಬಿಣ. ಅಗ್ಗದಲ್ಲಿ ಸಿಗುವ ಇಡಿಟಿಎ ರೂಪದ ಕಬ್ಬಿಣ ಇಷ್ಟು ಕ್ಷಾರದ ಮಣ್ಣಿನಲ್ಲಿ ಬೇಗನೆ ಒಡೆದುಹೋಗುತ್ತದೆ. ಪೊಟ್ಟಣದ ಮೇಲೆ ಬರೀ 'ಚೀಲೇಟೆಡ್ ಕಬ್ಬಿಣ' ಎಂದಿದ್ದರೆ ಯಾವ ಚೀಲೇಟ್ ಎಂದು ಕೇಳಿಯೇ ಕೊಳ್ಳಬೇಕು.

ಹಣ ಖರ್ಚು ಮಾಡುವ ಮೊದಲು ನೀರಿನ ಕಡೆ ನೋಡುವುದು ಮೇಲು. ಕಪ್ಪು ಮಣ್ಣಿನಲ್ಲಿ ನೀರು ನಿಂತರೆ ಮಣ್ಣಿನ ದ್ರವದಲ್ಲಿ ಬೈಕಾರ್ಬೊನೇಟ್ ಹೆಚ್ಚುತ್ತದೆ, ಅದು ಕಬ್ಬಿಣದ ಹೀರುವಿಕೆಗೆ ಅಡ್ಡಿಯಾಗುತ್ತದೆ. ಗಡಸು ನೀರಿನ ಕೊಳವೆಬಾವಿ ಇದಕ್ಕೆ ತನ್ನ ಪಾಲನ್ನೂ ಸೇರಿಸುತ್ತದೆ. ಹಳದಿ ಕಂಡೊಡನೆ ಗಿಡಕ್ಕೆ ಬಾಯಾರಿಕೆಯಾಗಿದೆಯೆಂದು ಇನ್ನಷ್ಟು ನೀರು ಕಟ್ಟುವುದು ಅನೇಕ ಕಡೆ ಕಾಣುವ ರೂಢಿ. ಅದು ರೋಗಕ್ಕೆ ಆಹಾರ ಹಾಕಿದಂತೆ. ನೀರಿನ ಅಂತರ ಹೆಚ್ಚಿಸಿ, ಬಸಿಗಾಲುವೆ ತೆಗೆದು, ಕಾಂಡಕ್ಕೆ ನೀರು ತಾಗದಂತೆ ಉಂಗುರ ಪಾತಿ ಮಾಡಿದ ಮಾತ್ರಕ್ಕೇ ಎಷ್ಟೋ ಗಿಡಗಳ ಹೊಸ ಚಿಗುರು ಹಸಿರಾಗಿ ಬರುವುದುಂಟು. ಹೊಸದಾಗಿ ಕಿತ್ತಳೆ, ಮೋಸಂಬಿ ನೆಡುವವರು ಬೇರುಸಸಿಯನ್ನೂ ವಿಚಾರಿಸಬೇಕು. ರಂಗಪುರ ನಿಂಬೆಯ ಬೇರು ಸುಣ್ಣದ ಮಣ್ಣನ್ನು ಮಟ್ಟಿಗೆ ತಾಳಿಕೊಳ್ಳುತ್ತದೆ. ಮೂರೆಲೆ ಕಿತ್ತಳೆಯ ಬೇರು ತಾಳುವುದಿಲ್ಲ.

ಹೆಚ್ಚು ಕೊಟ್ಟು ತಂದುಕೊಂಡ ಕೊರತೆ

ಕೊರತೆಗಳಲ್ಲಿ ಒಂದು ಪಾಲು ಗೊಬ್ಬರದ ಚೀಲದಿಂದಲೇ ಬರುತ್ತದೆ. ರಂಜಕವನ್ನು ವರ್ಷಗಟ್ಟಲೆ ಅತಿಯಾಗಿ ಕೊಟ್ಟ ತೋಟದಲ್ಲಿ ಸತು ಮತ್ತು ತಾಮ್ರದ ಕೊರತೆ ಕಾಣಿಸುತ್ತದೆ. ಪೊಟ್ಯಾಷ್ ಅತಿಯಾದರೆ ಬೇರಿನ ಬಾಗಿಲಲ್ಲಿ ಅದು ಮೆಗ್ನೀಷಿಯಂ ಅನ್ನು ಹಿಂದಕ್ಕೆ ತಳ್ಳುತ್ತದೆ. ಯೂರಿಯಾದಲ್ಲಿ ಬೈಯೂರೆಟ್ ಎಂಬ ಕಲ್ಮಶವೊಂದಿರುತ್ತದೆ. ನಮ್ಮಲ್ಲಿ ಮಾರುವ ಸಾಮಾನ್ಯ ಯೂರಿಯಾದಲ್ಲಿ ಅದು ಶೇ. 1.5ರವರೆಗೂ ಇರಲು ಅವಕಾಶವಿದೆ. ನಿಂಬೆ ಜಾತಿಯ ಎಲೆಗಳು ಇದಕ್ಕೆ ಬಹು ಸೂಕ್ಷ್ಮ. ಎಲೆಗೆ ಸಿಂಪಡಿಸಲು ಬೇಕಾದದ್ದು ಬೈಯೂರೆಟ್ ಶೇ. 0.25ಕ್ಕಿಂತ ಕಡಿಮೆಯಿರುವ ಯೂರಿಯಾ. ಇಲ್ಲದಿದ್ದರೆ ಎಲೆಯ ತುದಿ ಹಳದಿಯಾಗಿ ಹಾಗೆಯೇ ಉಳಿದುಬಿಡುತ್ತದೆ. ಹಳದಿ ಹೋಗಲಾಡಿಸಲು ಹೊರಟವರು ಹೊಸ ಹಳದಿಯೊಂದನ್ನು ಹಚ್ಚಿಬಂದಂತಾಗುತ್ತದೆ.

ಬೇರಿನ ಆರೋಗ್ಯವೂ ಇಲ್ಲಿ ಮುಖ್ಯ. ನಿಂಬೆ ಜಾತಿಯ ಗಿಡಗಳ ಬೇರುಗಳಲ್ಲಿ ರೋಮಗಳು ಕಡಿಮೆ. ಮಣ್ಣಿನ ಉಪಕಾರಿ ಶಿಲೀಂಧ್ರಗಳ ನೆರವಿಲ್ಲದೆ ಅವು ರಂಜಕವನ್ನೂ ಸತುವನ್ನೂ ಸರಿಯಾಗಿ ಪಡೆಯಲಾರವು. ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿಯಲ್ಲೇ ಹರಡಿರುತ್ತವೆ. ಗಿಡದ ಬುಡದಲ್ಲಿ ಆಳವಾಗಿ ಅಗೆದು ಗೊಬ್ಬರ ಹೂಳುವವರು ಗೊಬ್ಬರ ಉಣ್ಣಬೇಕಾದ ಬೇರನ್ನೇ ಕಡಿದಿರುತ್ತಾರೆ. ಕೊಟ್ಟಿಗೆ ಗೊಬ್ಬರ, ಹಸಿರೆಲೆ, ತರಗೆಲೆಯ ಹೊದಿಕೆ ಇವು ಹಳೆಯ ಮಾತಾದರೂ ಹುಸಿಯಲ್ಲ.

ಇನ್ನು, ಎಲೆಯ ಮೈ ಹಸಿರಾಗಿದ್ದು ನರಗಳು ಮಾತ್ರ ಹಳದಿಯಾಗಿದ್ದರೆ ಅದು ಮೇಲೆ ಹೇಳಿದ ಲಕ್ಷಣಗಳ ತಿರುವುಮುರುವು. ಆಗ ಎಲೆಯನ್ನು ಬಿಟ್ಟು ಕಾಂಡದ ಬುಡಕ್ಕೆ ಬಗ್ಗಿ ನೋಡಬೇಕು. ಅಲ್ಲಿ ಅಂಟು ಸೋರಿ ತೊಗಟೆ ಕೊಳೆತಿದ್ದರೆ ಫೈಟೋಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯ ಕೆಲಸ. ಮೇಲಿನಿಂದ ಕೊಡುವ ಗೊಬ್ಬರ ಅದಕ್ಕೆ ಉತ್ತರವಲ್ಲ.

ಹಸಿವಿನ ವೇಷ ತೊಟ್ಟ ರೋಗ

ಇಷ್ಟೆಲ್ಲ ತಿಳಿದವರನ್ನೂ ಮೋಸಗೊಳಿಸುವ ಹಳದಿಯೆಂದರೆ ಗ್ರೀನಿಂಗ್ ರೋಗದ್ದು. ಚೀನೀಯರು ಇದನ್ನು 'ಹಳದಿ ಚಿಗುರಿನ ರೋಗ' ಎಂಬ ಅರ್ಥದಲ್ಲಿ ಹ್ವಾಂಗ್‌ಲಾಂಗ್‌ಬಿಂಗ್ ಎನ್ನುತ್ತಾರೆ. ಬ್ಯಾಕ್ಟೀರಿಯವೊಂದು ಗಿಡದ ಆಹಾರ ಸಾಗಿಸುವ ನಾಳಗಳಲ್ಲಿ ನೆಲೆಸಿ ಅವನ್ನು ಕಟ್ಟಿಹಾಕುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದಿಲ್ಲ. ಹಸಿದ ಬೇರು ಸಾಯುತ್ತದೆ. ಬೇರು ಸತ್ತ ಮೇಲೆ ಸತು, ಮ್ಯಾಂಗನೀಸ್, ಕಬ್ಬಿಣ ಮೇಲೇರುವುದಿಲ್ಲ. ಹೀಗಾಗಿ ರೋಗ ತಗುಲಿದ ಗಿಡದಲ್ಲಿ ಕಾಣುವ ಸತುವಿನ ಕೊರತೆ ಸುಳ್ಳು ಕೊರತೆಯೇನಲ್ಲ. ಪ್ರಯೋಗಾಲಯಕ್ಕೆ ಎಲೆ ಕಳಿಸಿದರೆ ಸತು ಕಡಿಮೆಯೆಂದೇ ವರದಿ ಬರಬಹುದು. ಕಾರಣ ಮಾತ್ರ ಬೇರೆ.

ಇದರಲ್ಲಿ ಬೆಳೆಗಾರರಷ್ಟೇ ಎಡವಿದ್ದಲ್ಲ. ದಕ್ಷಿಣ ಆಫ್ರಿಕದಲ್ಲಿ ಈ ರೋಗವನ್ನು ಮೊದಲು ಗಮನಿಸಿದಾಗ ಅಲ್ಲಿನ ವಿಜ್ಞಾನಿಗಳು ಮಣ್ಣಿನಲ್ಲೇ ಕಾರಣ ಹುಡುಕಿದರು. 1937ರಲ್ಲಿ ಕ್ರೋಮಿಯಂ ಮತ್ತು ಮ್ಯಾಂಗನೀಸ್ ಅತಿಯಾದದ್ದರಿಂದ ಹೀಗಾಗುತ್ತಿದೆಯೇ ಎಂಬ ಚರ್ಚೆ ನಡೆಯಿತು. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯದ ತೋಟಗಳ 'ಮಚ್ಚೆ ಎಲೆ' ತೊಂದರೆ ಸತುವಿನ ಸಿಂಪಡಣೆಯಿಂದ ವಾಸಿಯಾಗಿತ್ತು. ಹಳದಿಯೆಂದರೆ ಪೋಷಕಾಂಶದ ಸಮಸ್ಯೆಯೆಂದು ಎಣಿಸುವುದು ಆಗ ಸಹಜವೇ ಆಗಿತ್ತು. ಚೀನದ ಲಿನ್ ಕುಂಗ್‌ಶಿಯಾಂಗ್ 1956ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದು ಕಸಿಯ ಮೂಲಕ ಹರಡುವ ರೋಗವೆಂದು ತೋರಿಸಿದರು. ದಕ್ಷಿಣ ಆಫ್ರಿಕದ ವಿಜ್ಞಾನಿಗಳು 1965ರಲ್ಲಿ ಅದೇ ನಿರ್ಣಯಕ್ಕೆ ಬಂದರು. ಭಾರತದಲ್ಲಿ ಕಿತ್ತಳೆ ಗಿಡಗಳು ತುದಿಯಿಂದ ಒಣಗುವುದನ್ನು ಬಹುಕಾಲ ಪೋಷಣೆ ಹಾಗೂ ಮಣ್ಣಿನ ದೋಷವೆಂದೇ ಭಾವಿಸಲಾಗಿತ್ತು. ಆಸ್ಟ್ರೇಲಿಯದ ಸಸ್ಯರೋಗ ವಿಜ್ಞಾನಿ ಲಿಲಿಯನ್ ಫ್ರೇಸರ್ ಮತ್ತು ಭಾರತೀಯ ಸಹೋದ್ಯೋಗಿಗಳು 1966ರಲ್ಲಿ ಗ್ರೀನಿಂಗ್ ಕಡೆಗೆ ಬೆರಳು ತೋರಿದರು. ಮರುವರ್ಷವೇ ಇದನ್ನು ಹರಡುವುದು ಸಿಲ್ಲಾ ಎಂಬ ಪುಟ್ಟ ರಸ ಹೀರುವ ಕೀಟವೆಂದು ಭಾರತೀಯ ಸಂಶೋಧಕರು ವರದಿ ಮಾಡಿದರು. ಆಗ ವೈರಸ್ ಎಂದುಕೊಂಡಿದ್ದರ ನಿಜರೂಪ ತಿಳಿಯತೊಡಗಿದ್ದು 1970ರಲ್ಲಿ, ಫ್ರಾನ್ಸಿನ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನಾಳಗಳನ್ನು ಪರಿಶೀಲಿಸಿದ ಮೇಲೆ.

ಗುರುತಿಸುವ ಬಗೆ ಹೀಗಿದೆ. ಎಲೆಯನ್ನು ಮಧ್ಯನರದ ಗುಂಟ ಮಡಿಸಿದಂತೆ ಕಲ್ಪಿಸಿಕೊಳ್ಳಬೇಕು. ಪೋಷಕಾಂಶದ ಕೊರತೆಯಲ್ಲಿ ಎಡಭಾಗದ ಹಳದಿ ವಿನ್ಯಾಸ ಬಲಭಾಗದಲ್ಲೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ಕನ್ನಡಿ ಹಿಡಿದಂತೆ. ಗ್ರೀನಿಂಗ್ ರೋಗದಲ್ಲಿ ಹಾಗಿರುವುದಿಲ್ಲ. ಹಳದಿ ತೇಪೆಗಳು ನರಗಳ ಅಂಕೆಯನ್ನು ಮೀರಿ ಅಡ್ಡಾದಿಡ್ಡಿ ಹರಡಿರುತ್ತವೆ, ಎಡಕ್ಕೂ ಬಲಕ್ಕೂ ತಾಳೆಯಾಗುವುದಿಲ್ಲ. ಎರಡನೆಯದಾಗಿ ಗಿಡವನ್ನು ದೂರದಿಂದ ನೋಡಬೇಕು. ಕೊರತೆಯಾದರೆ ಗಿಡದ ಸುತ್ತಲೂ, ಅಕ್ಕಪಕ್ಕದ ಗಿಡಗಳಲ್ಲೂ ಸಾಮಾನ್ಯವಾಗಿ ಒಂದೇ ಬಗೆಯಲ್ಲಿ ಕಾಣುತ್ತದೆ. ರೋಗ ಆರಂಭದಲ್ಲಿ ಒಂದೇ ರೆಂಬೆಯನ್ನು ಹಿಡಿದಿರುತ್ತದೆ, ಉಳಿದ ಗಿಡವೆಲ್ಲ ಹಸಿರು. ಮೂರನೆಯದಾಗಿ ಹಣ್ಣು. ರೋಗದ ರೆಂಬೆಯ ಹಣ್ಣು ಸಣ್ಣದಾಗಿ ಒಂದು ಕಡೆಗೆ ವಾಲಿರುತ್ತದೆ, ಬೀಜಗಳು ಜೊಳ್ಳಾಗಿ ಕಪ್ಪಾಗಿರುತ್ತವೆ, ರುಚಿ ಕಹಿ. ಸಾಮಾನ್ಯ ಹಣ್ಣು ಕೆಳತುದಿಯಿಂದ ಬಣ್ಣಕ್ಕೆ ತಿರುಗಿದರೆ ಇದು ತೊಟ್ಟಿನ ಕಡೆಯಿಂದ ಬಣ್ಣ ಪಡೆದು ಕೆಳಭಾಗ ಹಸಿರಾಗಿಯೇ ಉಳಿಯುತ್ತದೆ. ರೋಗಕ್ಕೆ ಗ್ರೀನಿಂಗ್ ಎಂಬ ಹೆಸರು ಬಂದದ್ದು ಈ ಹಸಿರಿನಿಂದ. ಇಷ್ಟು ಲಕ್ಷಣಗಳು ಕೂಡಿಬಂದರೆ ಅನುಮಾನ ಬಲವಾಗುತ್ತದೆ. ಖಚಿತಪಡಿಸಲು ಪ್ರಯೋಗಾಲಯದ ಪಿಸಿಆರ್ ಪರೀಕ್ಷೆಯೇ ಬೇಕು.

ಈ ರೋಗಕ್ಕೆ ಗಿಡವನ್ನು ಗುಣಪಡಿಸುವ ಮದ್ದಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಇದು 2005ರಲ್ಲಿ ಪತ್ತೆಯಾಯಿತು. ಅಲ್ಲಿ 2003-04ರ ಹಂಗಾಮಿನಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2022-23ರಲ್ಲಿ ಅದು ಒಂದು ಕೋಟಿ ಅರವತ್ತು ಲಕ್ಷ ಪೆಟ್ಟಿಗೆಯ ಆಸುಪಾಸಿಗೆ ಇಳಿಯಿತು. 2022ರ ಚಂಡಮಾರುತದ ಪಾಲೂ ಅದರಲ್ಲಿದೆ, ಆದರೆ ಬಹುಪಾಲು ರೋಗದ್ದೇ. ಅಲ್ಲಿನ ಅನೇಕ ಬೆಳೆಗಾರರು ರೋಗದ ಗಿಡ ಕೀಳುವ ಬದಲು ಎಲೆಗೆ ಹೇರಳವಾಗಿ ಲಘು ಪೋಷಕಾಂಶ ಸಿಂಪಡಿಸುವ ದಾರಿ ಹಿಡಿದರು. ಗಿಡಗಳು ಕೆಲಕಾಲ ಹಸಿರಾಗಿ ಕಂಡವು, ಒಂದಷ್ಟು ಫಸಲನ್ನೂ ಕೊಟ್ಟವು. ಬ್ಯಾಕ್ಟೀರಿಯ ಮಾತ್ರ ಒಳಗೇ ಇತ್ತು. ಹಸಿರಾಗಿ ಚಿಗುರುವ ರೋಗಿಷ್ಠ ಗಿಡ ಸಿಲ್ಲಾ ಕೀಟಕ್ಕೆ ಒಣಗಿದ ಗಿಡಕ್ಕಿಂತ ಪ್ರಿಯ. ಅಲ್ಲಿಂದ ಹೀರಿ ಪಕ್ಕದ ತೋಟಕ್ಕೆ ಹಾರಿದ ಕೀಟ ರೋಗವನ್ನೂ ಕೊಂಡೊಯ್ಯುತ್ತದೆ.

ಪೇಟೆಯ ಪೊಟ್ಟಣದಿಂದ ಆಗುವ ನಷ್ಟ ನಿಜವಾಗಿ ಇಲ್ಲಿರುವುದು. ಇಪ್ಪತ್ತು ಗಿಡಗಳಲ್ಲಿ ಒಂದಕ್ಕೆ ರೋಗ ಬಂದಾಗ ಅದನ್ನು ಕಿತ್ತು ಸುಡುವುದು ಕಷ್ಟದ ನಿರ್ಧಾರ. ಎಂಟು ಹತ್ತು ವರ್ಷ ಸಾಕಿದ, ಇನ್ನೂ ನಾಲ್ಕು ಬುಟ್ಟಿ ಹಣ್ಣು ಕೊಡುತ್ತಿರುವ ಗಿಡಕ್ಕೆ ಕೊಡಲಿ ಇಡಲು ಯಾರ ಕೈಯೂ ಬರುವುದಿಲ್ಲ. ಸತು ಹೊಡೆದು ಇನ್ನೊಂದು ವರ್ಷ ನೋಡೋಣವೆನಿಸುವುದು ಸಹಜ. ಆದರೆ ಆ ಒಂದು ವರ್ಷ ಉಳಿದ ಹತ್ತೊಂಬತ್ತು ಗಿಡಗಳಿಗೆ ಸೇರಿದ್ದು.

ಎಲೆ ಪರೀಕ್ಷೆ ಮತ್ತು ಸಿಂಪಡಣೆ

ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಕೊರತೆಯನ್ನು ಅಳೆಯುವುದಕ್ಕೆ ಮಣ್ಣಿನ ಜೊತೆಗೆ ಎಲೆಯ ಪರೀಕ್ಷೆಯೂ ಬೇಕು. ಮಣ್ಣಿನಲ್ಲಿ ಏನಿದೆ ಎಂಬುದನ್ನು ಮಣ್ಣು ಪರೀಕ್ಷೆ ಹೇಳುತ್ತದೆ, ಗಿಡಕ್ಕೆ ಏನು ದಕ್ಕಿದೆ ಎಂಬುದನ್ನು ಎಲೆ ಹೇಳುತ್ತದೆ. ಕಾಯಿಯಿಲ್ಲದ ರೆಂಬೆಗಳಿಂದ, ನಾಲ್ಕರಿಂದ ಆರು ತಿಂಗಳು ಬಲಿತ ಎಲೆಗಳನ್ನು, ಗಿಡದ ನಾಲ್ಕೂ ದಿಕ್ಕುಗಳಿಂದ ಆರಿಸಬೇಕು. ಒಂದೇ ಬಗೆಯ ಮಣ್ಣಿರುವ ತುಂಡಿನಲ್ಲಿ ಇಪ್ಪತ್ತು ಗಿಡಗಳಿಂದ ಒಟ್ಟು ನೂರು ಎಲೆ ಸಾಕು. ಚೆನ್ನಾಗಿರುವ ಗಿಡದ ಎಲೆಯನ್ನೂ ಹಳದಿಯಾದ ಗಿಡದ ಎಲೆಯನ್ನೂ ಬೇರೆ ಬೇರೆ ಚೀಲದಲ್ಲಿ ಕಳಿಸಿದರೆ ಹೋಲಿಕೆ ಸುಲಭ. ಹಿಂದಿನ ವಾರಗಳಲ್ಲಿ ಸತು ಅಥವಾ ಬೋರ್ಡೋ ಸಿಂಪಡಿಸಿದ್ದರೆ ಎಲೆಯ ಮೇಲ್ಮೈಯಲ್ಲಿ ಉಳಿದದ್ದೇ ವರದಿಯಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸುತ್ತದೆ. ಫ್ಲಾರಿಡಾದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾನದಂಡದಂತೆ ಒಣ ಎಲೆಯಲ್ಲಿ ಸಾರಜನಕ ಶೇ. 2.5ರಿಂದ 2.7, ಪೊಟ್ಯಾಸಿಯಂ ಶೇ. 1.2ರಿಂದ 1.7, ಮೆಗ್ನೀಷಿಯಂ ಶೇ. 0.3ರಿಂದ 0.49 ಇರುವುದು ಹಿತಕರ. ಸತು ಹತ್ತು ಲಕ್ಷ ಪಾಲಿನಲ್ಲಿ ಕನಿಷ್ಠ 25 ಪಾಲಾದರೂ ಇರಬೇಕು. ಇದು ಸಿಹಿ ಕಿತ್ತಳೆಯ ಲೆಕ್ಕ. ನಮ್ಮ ಕಿತ್ತಳೆಗೂ ನಿಂಬೆಗೂ ನಾಗಪುರದ ಕೇಂದ್ರೀಯ ಸಿಟ್ರಸ್ ಸಂಶೋಧನಾ ಸಂಸ್ಥೆಯಂಥವು ರೂಪಿಸಿದ ಮಾನದಂಡಗಳನ್ನು ಬಳಸುವುದು ಉತ್ತಮ. ಕೊಡಗಿನವರಿಗೆ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಹತ್ತಿರದಲ್ಲೇ ಇದೆ.

ಸತುವಿನ ಕೊರತೆ ದೃಢವಾದರೆ ರೂಢಿಯಲ್ಲಿರುವ ಸಿಂಪಡಣೆ ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು 2.5 ಗ್ರಾಂ ಸುಣ್ಣ. ಹದಿನಾರು ಲೀಟರಿನ ಬೆನ್ನಿನ ಪಂಪಿಗೆ ಕ್ರಮವಾಗಿ 80 ಗ್ರಾಂ ಮತ್ತು 40 ಗ್ರಾಂ. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ತಿಳಿ ಸೋಸಿ, ಬಳಿಕ ಕೂಡಿಸಬೇಕು. ಸುಣ್ಣ ಬಿಟ್ಟರೆ ಎಳೆ ಎಲೆ ಸುಡುತ್ತದೆ. ಮಾರುಕಟ್ಟೆಯಲ್ಲಿ ಎರಡು ಬಗೆಯ ಸತುವಿನ ಸಲ್ಫೇಟ್ ಸಿಗುತ್ತದೆ. ಹರಳಿನಂತಿರುವುದರಲ್ಲಿ ಸತು ಶೇ. 21, ಪುಡಿಯಾಗಿರುವುದರಲ್ಲಿ ಶೇ. 33. ಮೇಲಿನ ಲೆಕ್ಕ ಮೊದಲನೆಯದರದ್ದು. ಎರಡನೆಯದಾದರೆ ಲೀಟರಿಗೆ 3 ಗ್ರಾಂ ಸಾಕು. ಸಿಂಪಡಿಸುವ ಹೊತ್ತೂ ಮುಖ್ಯ. ಚಿಗುರೆಲೆ ತನ್ನ ಪೂರ್ಣ ಗಾತ್ರದ ಮೂರರಲ್ಲಿ ಎರಡು ಪಾಲು ಅರಳಿರುವಾಗ ಅದು ಹೀರಿಕೊಳ್ಳುವಷ್ಟು ಬಲಿತ ಎಲೆ ಹೀರುವುದಿಲ್ಲ. ಬೇಸಿಗೆಯ ಹೂಮಳೆ ಬಿದ್ದ ಮೇಲೆ ಬರುವ ಚಿಗುರನ್ನು ತಪ್ಪಿಸಿಕೊಂಡರೆ ಮುಂದಿನ ಚಿಗುರಿಗೆ ಕಾಯಬೇಕು. ಹಲವು ಕೊರತೆಗಳು ಬೆರೆತ ತೋಟಗಳಿಗಾಗಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 'ಸಿಟ್ರಸ್ ಸ್ಪೆಷಲ್' ಎಂಬ ಮಿಶ್ರಣವನ್ನು ರೂಪಿಸಿದೆ. ಅದರ ಪ್ರಮಾಣವನ್ನು ಪೊಟ್ಟಣದ ಮೇಲಿನ ಸೂಚನೆಯಂತೆಯೇ ಪಾಲಿಸಬೇಕು.

ಕೊನೆಗೆ ಎರಡು ಸಂಗತಿ. ರೋಗದ ಗಿಡ ಕಿತ್ತ ಜಾಗಕ್ಕೆ ಹೊಸ ಸಸಿ ತರುವಾಗ ಅದರ ಕಸಿಕಡ್ಡಿ ಎಲ್ಲಿಂದ ಬಂತೆಂದು ಕೇಳಬೇಕು. ಕೀಟಕ್ಕೆ ಪ್ರವೇಶವಿಲ್ಲದ ಬಲೆಮನೆಯಲ್ಲಿ ಬೆಳೆಸಿ, ಪರೀಕ್ಷೆಗೊಳಪಡಿಸಿದ ತಾಯಿಗಿಡದ ಕಡ್ಡಿಯಾದರೆ ಬೆಲೆ ತುಸು ಹೆಚ್ಚಾದರೂ ಕೊಳ್ಳಬಹುದು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ, ಹಸಿರಾಗಿ ನಳನಳಿಸುವ ಸಸಿಯೊಳಗೆ ರೋಗ ಎರಡು ಮೂರು ವರ್ಷ ಸದ್ದಿಲ್ಲದೆ ಕುಳಿತಿರಬಲ್ಲದು. ಇನ್ನೊಂದು, ಹಿತ್ತಿಲ ಕರಿಬೇವು. ಸಿಲ್ಲಾ ಕೀಟಕ್ಕೆ ನಿಂಬೆ ಜಾತಿಯ ಚಿಗುರಿನಷ್ಟೇ ಕರಿಬೇವಿನ ಚಿಗುರೂ ಇಷ್ಟ. ತೋಟದಲ್ಲಿ ಕೀಟ ಹತೋಟಿ ಮಾಡುವವರು ಅಡುಗೆಮನೆ ಬಾಗಿಲ ಬಳಿಯ ಆ ಗಿಡದ ತುದಿಗಳನ್ನೂ ಆಗಾಗ ಮಗುಚಿ ನೋಡುತ್ತಿರಬೇಕು. ತುದಿಚಿಗುರಿನಲ್ಲಿ ಬಿಳಿ ಮೇಣದ ಎಳೆಗಳನ್ನು ಹೊರಹಾಕುತ್ತಾ ಗುಂಪುಗೂಡಿರುವ ಚಪ್ಪಟೆ ಮರಿಗಳು ಕಂಡರೆ, ಆ ಚಿಗುರನ್ನು ಚಿವುಟಿ ಸುಡುವುದೇ ಮೊದಲ ಕೆಲಸ.